ಬೇಟೆಗಾಡಿ ಬೇಡ, ಹೊರೆಗಾಡಿ ಬೇಕು



ಕಳೆದ ಕಾಫಿ ಕೊಯ್ಲಿನಲ್ಲಿ ನಮ್ಮ ತೋಟದಲ್ಲಿ ಆದ ಅಪಘಾತದ ಸುದ್ದಿ ನಿಮ್ಮಲ್ಲಿ ಹಲವರ ಕಿವಿಗೆ ಬಿದ್ದಿದೆ. ಸಂತೆಯಲ್ಲಿಯೂ ಸಂಘದ ಗೋದಾಮಿನ ಜಗಲಿಯಲ್ಲಿಯೂ ಅದು ಬಾಯಿಂದ ಬಾಯಿಗೆ ಬೆಳೆದು, "ಅಮೆರಿಕದ ಬೇಟೆಗಾಡಿ ತಂದು ಆಳಿನ ಕಾಲು ಮುರಿದ" ಎಂಬಲ್ಲಿಗೆ ಬಂದು ನಿಂತಿದೆ. ಕಾಲು ಮುರಿದದ್ದು ನಿಜ. ತಪ್ಪು ನನ್ನದೆಂಬುದೂ ನಿಜ. ಆದರೆ ಆ ಗಾಡಿಯನ್ನು ನಾನು ಏಕೆ ತಂದೆ, ಅದರಲ್ಲಿ ಕೆಟ್ಟದ್ದು ಯಾವುದು, ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದನ್ನು ಬರೆದು ತಿಳಿಸದಿದ್ದರೆ, ನಾಳೆ ಇನ್ನೊಬ್ಬ ಬೆಳೆಗಾರ ನನ್ನ ಹಾಗೆಯೇ ದುಡ್ಡು ಕೊಟ್ಟು ಅದೇ ಹೊಂಡಕ್ಕೆ ಬೀಳುತ್ತಾನೆ. ಅದಕ್ಕಾಗಿ ಈ ನಾಲ್ಕು ಮಾತು.

ನಮ್ಮ ಕಷ್ಟ ನಿಮಗೆ ಹೇಳಬೇಕಾದ್ದಿಲ್ಲ. ಐದಾರು ಎಕರೆಯವರಿಗೆ ಟ್ರ್ಯಾಕ್ಟರು ದೊಡ್ಡದಾಯಿತು. ಅದು ಗಿಡಗಳ ನಡುವೆ ತಿರುಗುವುದಿಲ್ಲ, ಬೇರು ತುಳಿಯುತ್ತದೆ. ಅಡಿಕೆ ಕೊನೆ, ಹಣ್ಣು ಕಾಫಿಯ ಮೂಟೆ, ಕೊಟ್ಟಿಗೆ ಗೊಬ್ಬರ, ಬೋರ್ಡೋ ದ್ರಾವಣದ ಡ್ರಮ್ಮು ಎಲ್ಲವೂ ಇಂದಿಗೂ ತಲೆ ಮೇಲೆ, ಬೆನ್ನ ಮೇಲೆ. ಹೊರುವ ಆಳು ಸಿಗುವುದಿಲ್ಲ. ಸಿಕ್ಕವರು ಹೆಚ್ಚಾಗಿ ನಮ್ಮಷ್ಟೇ ವಯಸ್ಸಾದವರು. ನನಗೆ ಅರವತ್ತೆಂಟು, ನನ್ನ ತೋಟದ ಹಳೆಯ ಕೆಲಸಗಾರನಿಗೆ ಅರವತ್ತೊಂದು. ಕೆಳಗಿನ ಅಡಿಕೆ ತೋಟದಿಂದ ಮೇಲಿನ ಕಣಕ್ಕೆ ಮೂಟೆ ಹತ್ತಿಸುವುದರೊಳಗೆ ಇಬ್ಬರಿಗೂ ಉಸಿರು ಸಾಲದು.

ಎರಡು ವರ್ಷದ ಹಿಂದೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆ. ಗಾಲ್ಫ್ ಆಟದ ಮೈದಾನದಲ್ಲಿ ಓಡಾಡುವ ವಿದ್ಯುತ್ ಗಾಡಿಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳು ಆ ರಾಜ್ಯದ ಆಗಸ್ಟಾ ಊರಿನ ಸುತ್ತಲೇ ಇವೆ. ಇ-ಝಡ್-ಗೋ ಎಂಬ ಕಂಪನಿ 1954ರಲ್ಲಿಯೇ ಅಲ್ಲಿ ಪ್ರಾರಂಭವಾದದ್ದು. ಮೈದಾನದವರು ಕೆಲವು ವರ್ಷ ಬಳಸಿ ಮಾರಿದ ಹಳೆಯ ಗಾಡಿಗಳನ್ನು ಹಳ್ಳಿಯ ಕಡೆಯವರು ಕೊಂಡು ಬೇಟೆಗೆ ಮಾರ್ಪಡಿಸಿಕೊಳ್ಳುತ್ತಾರೆ. ಅವರ ಪಕ್ಕದ ಮನೆಯವರ ಶೆಡ್ಡಿನಲ್ಲಿ ಅಂಥದೊಂದು ಇತ್ತು. ಕುತೂಹಲದಿಂದ ಅರ್ಧ ದಿನ ಅದರ ಕೆಳಗೆ ಮೇಲೆ ನೋಡಿದೆ.

ಅವರು ಮಾಡುವುದು ಇಷ್ಟು. ಮೂಲ ಗಾಡಿಯ ಟಯರು ಸುಮಾರು 18 ಅಂಗುಲ ಎತ್ತರದ್ದು, ಹುಲ್ಲಿನ ಮೇಲೆ ಓಡಲು ನುಣುಪಾಗಿರುತ್ತದೆ. ಅದನ್ನು ತೆಗೆದು 22 ಅಥವಾ 23 ಅಂಗುಲದ ಕಚ್ಚು ಟಯರು ಹಾಕುತ್ತಾರೆ. ದೊಡ್ಡ ಟಯರು ಮೈಗೆ ತಾಗದಂತೆ ಕಬ್ಬಿಣದ ಜೋಡಣೆ ಕೊಟ್ಟು ಗಾಡಿಯನ್ನು ನಾಲ್ಕರಿಂದ ಆರು ಅಂಗುಲ ಮೇಲೆತ್ತುತ್ತಾರೆ. ಹಿಂದೆ ಗಾಲ್ಫ್ ಚೀಲ ಇಡುವ ಜಾಗದಲ್ಲಿ ಮಡಚುವ ಸೀಟು ಅಥವಾ ಹಲಗೆಯ ತಟ್ಟು, ಮುಂದೆ ಪೊದೆಗೆ ತಡೆಯಾಗಿ ಕಬ್ಬಿಣದ ಕಂಬಿ, ಕೋವಿ ನಿಲ್ಲಿಸುವ ಗೂಡು, ಕೆಸರಿನಿಂದ ಎಳೆದುಕೊಳ್ಳಲು ಹಗ್ಗದ ರಾಟೆ, ಎಲೆಯ ಬಣ್ಣದ ಪೇಯಿಂಟು. ಹಣವಿದ್ದವರು ಮೋಟಾರನ್ನೂ ಕಂಟ್ರೋಲರನ್ನೂ ಬಲವಾದದ್ದಕ್ಕೆ ಬದಲಿಸುತ್ತಾರೆ. ಇವೆಲ್ಲ ಸಾಮಾನು ಅಲ್ಲಿ ಅಂಗಡಿಯಲ್ಲಿ ಪೆಟ್ಟಿಗೆ ಕಟ್ಟಿ ಸಿಗುತ್ತವೆ.

ಇದನ್ನು ಬೇಟೆಗಾರ ಮೆಚ್ಚುವುದು ಒಂದೇ ಗುಣಕ್ಕೆ: ಸದ್ದಿಲ್ಲ, ಪೆಟ್ರೋಲಿನ ವಾಸನೆಯಿಲ್ಲ. ಬೆಳಗಿನ ಜಾವ ಕತ್ತಲಲ್ಲಿ ಜಿಂಕೆಗೆ ಗೊತ್ತಾಗದ ಹಾಗೆ ಮರದ ಮೇಲಿನ ಅಟ್ಟಣೆಯ ಬುಡಕ್ಕೆ ಹೋಗಿ ಇಳಿಯಬಹುದು. ನಮ್ಮ ಹಿರಿಯರು ಮರಸು ಕೂರುತ್ತಿದ್ದರಲ್ಲ, ಅದೇ ಪದ್ಧತಿ. ಹೊಡೆದ ಜಿಂಕೆಯನ್ನು ಹೊತ್ತು ತರುವ ಶ್ರಮವೂ ತಪ್ಪಿತು. ಹಾಗೆಂದು ಗಾಡಿಯಲ್ಲಿ ಕುಳಿತೇ ಗುಂಡು ಹಾರಿಸಲು ಅಲ್ಲಿಯೂ ಹಲವು ರಾಜ್ಯಗಳಲ್ಲಿ ಅನುಮತಿ ಇಲ್ಲ. ಅಂಗವಿಕಲರಿಗೆ ಮಾತ್ರ ವಿಶೇಷ ಪರವಾನಗಿ ಕೊಡುವ ಪದ್ಧತಿಯಿದೆ. ಜಿಂಕೆ ಬೇಟೆಗೆ ಋತು, ಲೈಸೆನ್ಸು, ಲೆಕ್ಕ ಎಲ್ಲವೂ ಉಂಟು.

ಆ ಗಾಡಿ ನೋಡಿದಾಗ ನನ್ನ ಕಣ್ಣಿಗೆ ಕಂಡದ್ದು ಜಿಂಕೆಯಲ್ಲ, ನಮ್ಮ ಕಾಫಿ ಮೂಟೆ. ಅಗಲ ನಾಲ್ಕು ಅಡಿ, ಗಿಡದ ಸಾಲಿನ ನಡುವಿನ ದಾರಿಯಲ್ಲಿ ಹೋಗುತ್ತದೆ, ಮುದುಕನೂ ನಡೆಸಬಹುದು. ಊರಿಗೆ ಬಂದ ಮೇಲೆ ಒಂದು ರೆಸಾರ್ಟಿನವರು ಹಳೆಯ ಗಾಲ್ಫ್ ಗಾಡಿ ಮಾರುತ್ತಾರೆಂದು ತಿಳಿದು ಕೊಂಡುಕೊಂಡೆ. ಪೇಟೆಯ ಒಬ್ಬ ಮೆಕ್ಯಾನಿಕ್ಕಿಗೆ ಅಮೆರಿಕದಲ್ಲಿ ತೆಗೆದಿದ್ದ ಚಿತ್ರಗಳನ್ನು ತೋರಿಸಿ, ಹೀಗೆಯೇ ಮಾಡಿಕೊಡು ಎಂದೆ. ಆರು ಅಂಗುಲ ಎತ್ತಿದ, ದೊಡ್ಡ ಟಯರು ಹಾಕಿದ, ಹಿಂದೆ ಹಲಗೆ ಕಟ್ಟಿದ. ನೋಡಿದವರೆಲ್ಲ ಹೊಗಳಿದರು. ನಾನೂ ಉಬ್ಬಿದೆ.

ಡಿಸೆಂಬರು ಕೊನೆಯ ವಾರ ಮೇಲಿನ ತುಂಡಿನಿಂದ ನಾಲ್ಕು ಮೂಟೆ ಹಣ್ಣು ಹೇರಿಕೊಂಡು ಇಳಿಯುತ್ತಿದ್ದೆ. ಕೆಲಸಗಾರ ಹಿಂದೆ ಮೂಟೆಯ ಮೇಲೆ ಕುಳಿತಿದ್ದ. ಇಳಿಜಾರಿನ ನಡುವೆ ಗಾಡಿ ವೇಗ ಹಿಡಿಯಿತು. ಬ್ರೇಕು ಪೂರ್ತಿ ಒತ್ತಿದೆ. ವೇಗ ತಗ್ಗಿತೇ ಹೊರತು ಗಾಡಿ ನಿಲ್ಲಲಿಲ್ಲ. ತಿರುವಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಹೊಡೆಯಿತು. ಅದಕ್ಕೆ ಮುಂಚೆ ಅವನು ಹಾರಿದ, ಕಾಲು ಕೆಳಗೆ ಸಿಕ್ಕಿ ಮುರಿಯಿತು. ಎರಡು ತಿಂಗಳು ಅವನು ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಯ ಖರ್ಚನ್ನೂ ಆ ದಿನಗಳ ಕೂಲಿಯನ್ನೂ ನಾನು ಕೊಟ್ಟೆ. ಅದು ಉಪಕಾರವಲ್ಲ, ಸಾಲ ತೀರಿಸಿದ್ದು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವನು ನನ್ನನ್ನು ಕೇಳಿದ: "ಅಯ್ಯಾ, ಆ ಗಾಡಿಗೆ ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ವಲ್ಲ, ಯಾಕೆ?"

ಅವನು ಕೇಳಿದ ಪ್ರಶ್ನೆಯನ್ನು ದುಡ್ಡು ಕೊಡುವ ಮುಂಚೆ ನಾನು ಕೇಳಬೇಕಿತ್ತು. ಸಾಮಾನ್ಯ ಗಾಲ್ಫ್ ಗಾಡಿಗೆ ಬ್ರೇಕು ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಸಮತಟ್ಟಾದ ಹುಲ್ಲಿನ ಮೇಲೆ ಇಬ್ಬರು ಮನುಷ್ಯರನ್ನೂ ಎರಡು ಚೀಲವನ್ನೂ ಹೊತ್ತು, ಗಂಟೆಗೆ 20 ಕಿಲೋಮೀಟರಿನ ಆಸುಪಾಸಿನಲ್ಲಿ ಓಡಲು ಅದು ಸಾಕು. ನಾವು ಅದಕ್ಕೆ ದೊಡ್ಡ ಟಯರು ಹಾಕಿದಾಗ ಏನಾಗುತ್ತದೆ? ಬ್ರೇಕಿನ ಡ್ರಮ್ಮು ಅಷ್ಟೇ, ಚಕ್ರ ಮಾತ್ರ ದೊಡ್ಡದು. ಟಯರು 18ರಿಂದ 22 ಅಂಗುಲಕ್ಕೆ ಏರಿದರೆ, ಪೆಡಲನ್ನು ಅಷ್ಟೇ ಒತ್ತಿದಾಗ ನೆಲದ ಮೇಲೆ ಸಿಗುವ ತಡೆ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಬ್ರೇಕು ಕುಗ್ಗಿತು, ಹೊರೆ ಹೆಚ್ಚಿತು, ನೆಲ ಇಳಿಜಾರಾಯಿತು. ಗಾಡಿ ಹೇಗೆ ನಿಂತೀತು?

ಇನ್ನೊಂದು ಸಂಗತಿ ಮೋಟಾರಿನದು. ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಸೀರೀಸ್ ಮೋಟಾರು. ಅದರಲ್ಲಿ ಕಾಲು ತೆಗೆದರೆ ಗಾಡಿ ಇಳಿಜಾರಿನಲ್ಲಿ ಸುಮ್ಮನೆ ಉರುಳುತ್ತದೆ, ಜೀಪಿನಲ್ಲಿ ನ್ಯೂಟ್ರಲಿಗೆ ಹಾಕಿದಂತೆ. ಆಮೇಲೆ ಬಂದ ಕೆಲವು ಗಾಡಿಗಳಲ್ಲಿ ಮೋಟಾರಿನ ಫೀಲ್ಡನ್ನು ಬೇರೆಯಾಗಿ ನಡೆಸುವ ಏರ್ಪಾಟಿದೆ. ಅವುಗಳಲ್ಲಿ ಇಳಿಯುವಾಗ ಮೋಟಾರೇ ಗಾಡಿಯನ್ನು ಹಿಡಿದು, ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಗುಡ್ಡದ ತೋಟಕ್ಕೆ ಈ ಎರಡನೆಯದೇ ತಕ್ಕದ್ದು. ನಾನು ಕೊಂಡದ್ದು ಮೊದಲನೆಯದು. ಕೇಳಬೇಕೆಂಬುದೂ ನನಗೆ ತಿಳಿದಿರಲಿಲ್ಲ.

ಏರು ಹತ್ತುವ ಲೆಕ್ಕವನ್ನೂ ನೋಡಿ. ಗಾಡಿ, ಬ್ಯಾಟರಿ, ಮನುಷ್ಯ, ಮೂಟೆ ಎಲ್ಲ ಸೇರಿ 700 ಕಿಲೋ ಎಂದಿಟ್ಟುಕೊಳ್ಳಿ. ಆರು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಗಂಟೆಗೆ 10 ಕಿಲೋಮೀಟರು ಹತ್ತಬೇಕಾದರೆ ಬ್ಯಾಟರಿಯಿಂದ ಸುಮಾರು 5 ಕಿಲೋವ್ಯಾಟ್ ಎಳೆಯಬೇಕು. ಸಮನೆಲದಲ್ಲಿ ಬೇಕಾದದ್ದರ ಹಲವು ಪಟ್ಟು ಇದು. 36 ವೋಲ್ಟಿನ ಗಾಡಿಯಲ್ಲಿ ಅದು ಸುಮಾರು 140 ಆಂಪಿಯರು. 48 ವೋಲ್ಟಿನದಾದರೆ ಪ್ರವಾಹ ಕಾಲು ಭಾಗ ಇಳಿಯುತ್ತದೆ. ದೊಡ್ಡ ಟಯರು ಹಾಕಿದರೆ ಮೋಟಾರಿನ ಮೇಲಿನ ಎಳೆತ ಇನ್ನೂ ಹೆಚ್ಚು. ಪ್ರವಾಹ ಶೇಕಡಾ 20 ಹೆಚ್ಚಿದರೆ ತಂತಿಯಲ್ಲಿ ಹುಟ್ಟುವ ಕಾವು ಶೇಕಡಾ 44 ಹೆಚ್ಚುತ್ತದೆ. ಅಮೆರಿಕದವನು ಮೋಟಾರನ್ನೂ ಕಂಟ್ರೋಲರನ್ನೂ ದಪ್ಪ ಕೇಬಲ್ಲನ್ನೂ ಬದಲಿಸುವುದು ಷೋಕಿಗಲ್ಲ ಎಂದು ನನಗೆ ಅರ್ಥವಾದದ್ದು, ನನ್ನ ಕಂಟ್ರೋಲರು ಸುಟ್ಟ ವಾಸನೆ ಬಂದ ದಿನ.

ಬ್ಯಾಟರಿಯ ಮಾತು. 36 ವೋಲ್ಟಿನ ಗಾಡಿಗೆ 6 ವೋಲ್ಟಿನವು ಆರು. ಒಂದೊಂದೂ 28ರಿಂದ 30 ಕಿಲೋ. 225 ಆಂಪಿಯರ್ ಗಂಟೆಯ ಬ್ಯಾಟರಿಯಾದರೆ ಒಟ್ಟು ಸುಮಾರು 8 ಯುನಿಟ್ಟು ಹಿಡಿಯುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಷ್ಯ ಬೇಗ ಕರಗುತ್ತದೆ. ಆದ್ದರಿಂದ ನಮಗೆ ದಕ್ಕುವುದು 4 ಯುನಿಟ್ಟು, ಅದನ್ನು ತುಂಬಲು ಬೇಕಾಗುವುದು ಐದಾರು ಯುನಿಟ್ಟು. ಕರೆಂಟಿನ ಖರ್ಚು ಅಲ್ಪ, ಬ್ಯಾಟರಿಯ ಖರ್ಚು ದೊಡ್ಡದು. ಬಳಸಿದ ದಿನವೇ ಚಾರ್ಜಿಗೆ ಹಾಕಬೇಕು, ಡಿಸ್ಟಿಲ್ಡ್ ವಾಟರ್ ನೋಡುತ್ತಿರಬೇಕು. ಚಾರ್ಜು ಆಗುವಾಗ ಹೊರಡುವ ಜಲಜನಕ ಅನಿಲಕ್ಕೆ ಕಿಡಿ ತಾಗಿದರೆ ಸಿಡಿಯುತ್ತದೆ, ಆದ್ದರಿಂದ ಗಾಳಿಯಾಡುವ ಶೆಡ್ಡಿನಲ್ಲಿ, ಒಲೆ ಬೀಡಿಗಳಿಂದ ದೂರ ಇಡಬೇಕು. ಮಳೆಗಾಲದ ನಾಲ್ಕು ತಿಂಗಳು ಗಾಡಿ ಓಡದಿದ್ದರೂ ಬ್ಯಾಟರಿಯನ್ನು ಮರೆಯುವಂತಿಲ್ಲ. ಈಗ ಬಂದಿರುವ ಲಿಥಿಯಂ ಬ್ಯಾಟರಿ ತೂಕದಲ್ಲಿ ಬಹಳ ಹಗುರ, ನೀರು ಹಾಕುವ ಗೋಜಿಲ್ಲ, ಆದರೆ ಮೊದಲಿಗೆ ಬೆಲೆ ಹೆಚ್ಚು. ನನ್ನ ಮಟ್ಟಿಗೆ ಹೇಳುವುದಾದರೆ, ಗಾಡಿಗೆ ಕೊಟ್ಟದ್ದಕ್ಕಿಂತ ಬ್ಯಾಟರಿಗೆ ಕೊಟ್ಟದ್ದೇ ಹೆಚ್ಚಾಯಿತು.

ಇನ್ನು ಆರು ಅಂಗುಲ ಎತ್ತಿದ ವಿಷಯ. ಮರದ ದಿಮ್ಮಿ ದಾಟಬೇಕಾದ ಬೇಟೆಗಾರನಿಗೆ ಆ ಎತ್ತರ ಬೇಕು. ನಮಗೆ ಬೇಕಾದದ್ದು ಇಳಿಜಾರಿನ ಅಡ್ಡ ದಾರಿಯಲ್ಲಿ ಮಗುಚದ ಗಾಡಿ. ಎತ್ತಿದಷ್ಟೂ ಗಾಡಿಯ ಭಾರದ ನಡು ಮೇಲೇರುತ್ತದೆ, ಮೂಟೆ ಹೇರಿದರೆ ಇನ್ನೂ ಮೇಲೆ. ಅಪಘಾತದ ನಂತರ ನಾನು ಆ ಜೋಡಣೆಯನ್ನು ಬಿಚ್ಚಿಸಿದೆ. ಮೂಲ ಎತ್ತರಕ್ಕೆ ಇಳಿಸಿ, ಮೊದಲಿನ ಅಳತೆಯ ಕಚ್ಚು ಟಯರು ಹಾಕಿಸಿ, ಮುಂದಿನ ಚಕ್ರಕ್ಕೂ ಬ್ರೇಕು ಕೂಡಿಸಿ, ಹೊರೆಯನ್ನು ಎರಡು ಮೂಟೆಗೆ ಮಿತಿ ಮಾಡಿದ್ದೇನೆ. ಇಳಿಯುವಾಗ ಹಿಂದೆ ಯಾರೂ ಕೂರುವಂತಿಲ್ಲ. ದಾರಿಯನ್ನೇ ಸರಿಮಾಡಿದೆ: ಕಡಿದಾದ ಕಡೆ ಎರಡು ತಿರುವು ಕೊಟ್ಟು ಏರನ್ನು ಸಣ್ಣದು ಮಾಡಿದೆ. ಎರಡು ಆಳಿನ ನಾಲ್ಕು ದಿನದ ಕೆಲಸ ಅದು. ಗಾಡಿಯನ್ನು ದಾರಿಗೆ ತಕ್ಕಂತೆ ಮಾಡಲು ಸುರಿದ ಹಣದ ಹತ್ತರಲ್ಲೊಂದು ಪಾಲನ್ನು ಮೊದಲೇ ದಾರಿಗೆ ಹಾಕಿದ್ದರೆ ಒಂದು ಕಾಲು ಉಳಿಯುತ್ತಿತ್ತು.

ಈಗ ಹೇಳಲೇಬೇಕಾದ ಕಹಿ ಮಾತು. ಗಾಡಿ ಬಂದ ವಾರದಲ್ಲೇ ನೆಂಟರ ಪೈಕಿ ಇಬ್ಬರು ಹುಡುಗರು ಸಂಜೆ ಮನೆಗೆ ಬಂದರು. "ದೊಡ್ಡಪ್ಪ, ಒಂದು ರಾತ್ರಿಗೆ ಗಾಡಿ ಕೊಡಿ. ಸದ್ದೇ ಇಲ್ಲ, ಹಂದಿ ಹತ್ತಿರಕ್ಕೇ ಹೋಗ್ಬಹುದು" ಎಂದರು. ನಾನು ಕೊಡಲಿಲ್ಲ. ಕೊಡದಿದ್ದಕ್ಕೆ ಮಾತೂ ಬಿಟ್ಟರು. ನಮ್ಮ ಸಂಘದಲ್ಲಿಯೇ ಕೆಲವು ಸದಸ್ಯರು, ಅಂಥದೊಂದು ಗಾಡಿ ರಾತ್ರಿ ಕಾವಲಿಗೂ 'ಬೇರೆ ಕೆಲಸಕ್ಕೂ' ಆಗುತ್ತದೆ ಎಂದು ವಿಚಾರಿಸಿದ್ದಾರೆ. ಬೇರೆ ಕೆಲಸ ಯಾವುದೆಂದು ಎಲ್ಲರಿಗೂ ಗೊತ್ತು.

ಹಂದಿಯ ಹಾವಳಿ ನನಗೂ ಗೊತ್ತು. ಒಂದೇ ರಾತ್ರಿಯಲ್ಲಿ ಗದ್ದೆಯನ್ನೂ ಎಳೆಯ ಅಡಿಕೆ ಸಸಿಯನ್ನೂ ಉತ್ತು ಹೋದದ್ದನ್ನು ನೋಡಿ ಹೊಟ್ಟೆ ಉರಿಯದ ಬೆಳೆಗಾರ ಇಲ್ಲ. ಆದರೆ ನಮ್ಮ ಅಪ್ಪಂದಿರ ಕಾಲದ ಷಿಕಾರಿ ಲೈಸೆನ್ಸು ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1991ರ ತಿದ್ದುಪಡಿಯಲ್ಲಿ ಬೇಟೆಯ ಲೈಸೆನ್ಸಿನ ಪದ್ಧತಿಯೇ ಹೋಯಿತು. ಆನೆ, ಕಾಟಿಯಂಥ ಮೊದಲ ಅನುಸೂಚಿಯ ಪ್ರಾಣಿಗೆ ಕೈ ಹಾಕಿದರೆ ಮೂರರಿಂದ ಏಳು ವರ್ಷದ ಸಜೆ. ಕೋವಿಯ ಜೊತೆಗೆ ಗಾಡಿಯೂ ಜಪ್ತಿಯಾಗುತ್ತದೆ. ಕೊಡಗಿನ ಮಿತ್ರರಿಗೆ ಕೋವಿ ಇಟ್ಟುಕೊಳ್ಳಲು ಪರಂಪರೆಯಿಂದ ವಿನಾಯಿತಿ ಇದೆ. ಅದು ಕೋವಿಗೆ ಇರುವ ವಿನಾಯಿತಿಯೇ ಹೊರತು ಬೇಟೆಗಲ್ಲ. ಬೆಳೆಗೆ ಅಪಾಯ ತರುವ ಕೆಲವು ಪ್ರಾಣಿಗಳ ವಿಷಯದಲ್ಲಿ ಅದೇ ಕಾಯಿದೆಯ 11ನೆಯ ಪ್ರಕರಣದಲ್ಲಿ ಅಧಿಕಾರಿಗಳು ಲಿಖಿತ ಅಪ್ಪಣೆ ಕೊಡುವ ಅವಕಾಶ ಇದೆ. ಅದನ್ನು ಹಗಲಿನಲ್ಲಿ, ಕಾಗದದ ಮೇಲೆ, ಎಲ್ಲರೂ ಸೇರಿ ಕೇಳೋಣ. ಬೆಳೆ ನಷ್ಟದ ಪರಿಹಾರಕ್ಕೆ ಅರ್ಜಿ ಹಾಕೋಣ. ಒಬ್ಬೊಬ್ಬರೇ ಅಲೆದು ಬೇಸತ್ತು ಬಿಡುವ ಕೆಲಸವನ್ನು ಸಂಘ ತನ್ನ ಮೇಲೆ ಹಾಕಿಕೊಂಡರೆ ಆಗುವ ಬಲವೇ ಬೇರೆ.

ಕಾನೂನಿನ ಮಾತು ಬದಿಗಿಟ್ಟರೂ ಇನ್ನೊಂದು ಅಪಾಯವಿದೆ. ಬೇಟೆಗಾರ ಮೆಚ್ಚುವ ಆ ಮೌನವೇ ಆನೆ ಓಡಾಡುವ ನಮ್ಮ ಕಡೆ ಮೃತ್ಯು. ಜೀಪು ಬಂದರೆ ದೂರದಿಂದಲೇ ಆನೆಗೆ ಗೊತ್ತಾಗುತ್ತದೆ, ಸರಿಯಲು ಹೊತ್ತು ಸಿಗುತ್ತದೆ. ಸದ್ದಿಲ್ಲದ ಗಾಡಿ ಮಬ್ಬುಗತ್ತಲಲ್ಲಿ ತಿರುವು ದಾಟಿ ಮರಿಯಾನೆಯ ಮುಂದೆ ನಿಂತರೆ, ಬಾಗಿಲಿಲ್ಲದ, ಓಡಲಾರದ ಆ ಗಾಡಿಯಲ್ಲಿ ಕುಳಿತವನ ಗತಿ ಏನು? ನಾನು ನನ್ನ ಗಾಡಿಗೆ ಎತ್ತಿನ ಕೊರಳ ಗಂಟೆ ಕಟ್ಟಿದ್ದೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಬೆಳಗ್ಗೆ ಏಳಕ್ಕೆ ಮುಂಚೆ, ಸಂಜೆ ಐದೂವರೆಯ ನಂತರ ಅದು ಶೆಡ್ಡು ಬಿಟ್ಟು ಹೊರಡುವುದಿಲ್ಲ.

"ಹಾಗಾದರೆ ಈ ಗಾಡಿಯ ಸಹವಾಸವೇ ಬೇಡ, ಮಾರಿಬಿಡಿ" ಎಂದು ಹಿತೈಷಿಗಳು ಹೇಳಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಸರಿಮಾಡಿದ ಮೇಲೆ ಅದೇ ಗಾಡಿಯಲ್ಲಿ ಈ ಸಲ ಅಡಿಕೆ ಕೊನೆಯೆಲ್ಲ ಅಂಗಳಕ್ಕೆ ಬಂತು, ಗೊಬ್ಬರ ಇಳಿಯಿತು. ಕಾಲು ಮುರಿದುಕೊಂಡವನೇ ಈಗ ಅದನ್ನು ನಡೆಸುತ್ತಾನೆ. ತಲೆ ಮೇಲೆ ಮೂಟೆ ಇಡುವುದನ್ನು ನಿಲ್ಲಿಸಿದ್ದಾನೆ. ನನ್ನ ಮಟ್ಟಿಗೆ ಗಾಡಿಯ ಪರವಾಗಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ದೋಷವಿದ್ದದ್ದು ಬೇಟೆಗಾರನಿಗೆ ಹೊಲಿದ ಅಂಗಿಯನ್ನು ಬೆಳೆಗಾರನಿಗೆ ತೊಡಿಸಿದ್ದರಲ್ಲಿ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನನ್ನ ಸಲಹೆ ಇದು. ಸಣ್ಣ ಬೆಳೆಗಾರರು ಒಬ್ಬೊಬ್ಬರೇ ಹಳೆಯ ಗಾಲ್ಫ್ ಗಾಡಿ ಕೊಳ್ಳುವುದು ಬೇಡ. ಸಂಘವು ಪ್ರಯೋಗಕ್ಕಾಗಿ ಒಂದೇ ಒಂದು ಗಾಡಿಯನ್ನು, 48 ವೋಲ್ಟಿನದು, ಇಳಿಜಾರಿನಲ್ಲಿ ಮೋಟಾರೇ ಹಿಡಿಯುವಂಥದು, ನಾಲ್ಕು ಚಕ್ರಕ್ಕೂ ಬ್ರೇಕಿರುವಂಥದನ್ನು ಕೊಂಡು, ನಂಬಿಕೆಯ ವರ್ಕ್‌ಷಾಪಿನಲ್ಲಿ ಹೊರೆಗೆ ತಕ್ಕಂತೆ ಕಟ್ಟಿಸಿ, ಒಂದು ಕೊಯ್ಲಿನ ಕಾಲ ಸದಸ್ಯರಿಗೆ ದಿನಬಾಡಿಗೆಗೆ ಕೊಡಲಿ. ತೋಟದಿಂದ ತೋಟಕ್ಕೆ ಅದನ್ನು ಪಿಕಪ್ ವಾಹನದಲ್ಲಿ ಒಯ್ಯತಕ್ಕದ್ದು. ನೋಂದಣಿ, ವಿಮೆ ಇಲ್ಲದ ಗಾಡಿಯನ್ನು ಪಂಚಾಯಿತಿ ರಸ್ತೆಗೆ ಇಳಿಸಿ ಅಪಘಾತವಾದರೆ ಸಂಘವೇ ಹೊಣೆಯಾದೀತು. ಕೊಡುವ ಮುಂಚೆ ಆಯಾ ತೋಟದ ದಾರಿಯ ಏರನ್ನು ಒಬ್ಬರು ಹೋಗಿ ನೋಡಿ ಬರಲಿ. ಬಾಡಿಗೆ ಪತ್ರದಲ್ಲಿ ಎರಡು ಷರತ್ತು ದಪ್ಪ ಅಕ್ಷರದಲ್ಲಿ ಇರಲಿ: ಕತ್ತಲಾದ ಮೇಲೆ ಗಾಡಿ ಹೊರಡಕೂಡದು, ಗಾಡಿಯಲ್ಲಿ ಕೋವಿ ಇರಕೂಡದು.

"ಸಂಘಕ್ಕೆ ಇದೇನು ಕೆಲಸ? ಅದು ಗೊಬ್ಬರ ಮಾರಲಿ, ಸಾಲ ಕೊಡಲಿ" ಎನ್ನುವವರೂ ಇದ್ದಾರೆ. ಅವರಿಗೆ ನಾನು ಕೇಳುವುದು ಒಂದೇ. ಗೊಬ್ಬರ ಕೊಟ್ಟಿರಿ, ಸಾಲ ಕೊಟ್ಟಿರಿ, ಬೆಳೆ ಬಂತು. ಅದನ್ನು ತೋಟದಿಂದ ಕಣಕ್ಕೆ ಹೊರುವ ಹೆಗಲು ಎಲ್ಲಿದೆ? ಹೊರುವವರಿಲ್ಲದೆ ಹಣ್ಣು ಗಿಡದ ಬುಡದಲ್ಲಿಯೇ ಉದುರಿದರೆ ಸಾಲ ಯಾವುದರಿಂದ ತೀರಬೇಕು?

ಬರುವ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಅಪೇಕ್ಷಿಸುತ್ತೇನೆ. ಒಪ್ಪುವವರೂ ಒಪ್ಪದವರೂ ಮಾತಾಡಲಿ. ಅದಕ್ಕೆ ಮುಂಚೆ ಯಾರಾದರೂ ಬಂದು ನನ್ನ ಗಾಡಿಯನ್ನು ನೋಡಬಹುದು, ನಡೆಸಬಹುದು. ಸುಟ್ಟ ಕಂಟ್ರೋಲರನ್ನೂ ಬಿಚ್ಚಿಟ್ಟ ಆ ದೊಡ್ಡ ಟಯರುಗಳನ್ನೂ ಶೆಡ್ಡಿನಲ್ಲಿಯೇ ಇಟ್ಟಿದ್ದೇನೆ, ಅವನ್ನೂ ನೋಡಿ ಹೋಗಿ. ಬರುವಾಗ ಹಗಲಲ್ಲಿ ಬನ್ನಿ, ಕಾಫಿ ಕುಡಿದು ಹೋಗುವಿರಂತೆ.

— ಸಂಘದ ಒಬ್ಬ ಸಣ್ಣ ಬೆಳೆಗಾರ ಸದಸ್ಯ